ರಸ್ತೆಯ ಹಾನಿಯನ್ನು ಅಳೆಯುವ ಬಗೆ: ಕೈಯಳತೆಯೂ ಯಂತ್ರದಳತೆಯೂ

(ಕುಂಬ್ರದಲ್ಲಿ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ತಾವು ಅಡಿಕೆಯನ್ನು ಮಾರಲು ಪುತ್ತೂರಿಗೆ ಕೊಂಡೊಯ್ದಾಗ ಅಲ್ಲಿ ಅದಕ್ಕೆ ಎರಡು ಪರೀಕ್ಷೆಗಳು ನಡೆಯುತ್ತವೆ. ಒಂದು ತೂಕದ ಪರೀಕ್ಷೆ. ಅದನ್ನು ತಕ್ಕಡಿ ಮಾಡುತ್ತದೆ. ಅಲ್ಲಿ ಯಾರ ಅಭಿಪ್ರಾಯಕ್ಕೂ ಎಡೆಯಿಲ್ಲ. ಇನ್ನೊಂದು ದರ್ಜೆಯ ಪರೀಕ್ಷೆ. ಇದು ಒಳ್ಳೆಯ ಚಾಲಿಯೋ, ಪಟೋರವೋ, ಉಳ್ಳಿಗಡ್ಡೆಯೋ, ಕರಿಗೋಟೋ ಎಂಬುದನ್ನು ತಕ್ಕಡಿ ಹೇಳಲಾರದು. ಅದಕ್ಕೆ ಪಳಗಿದ ಕಣ್ಣೂ ಕೈಯೂ ಬೇಕು. ತಕ್ಕಡಿ ಬಂತೆಂದು ಕಣ್ಣನ್ನು ಯಾರೂ ಬಿಟ್ಟಿಲ್ಲ. ಕಣ್ಣಿದೆಯೆಂದು ತಕ್ಕಡಿಯನ್ನೂ ಬಿಟ್ಟಿಲ್ಲ.

ರಸ್ತೆಯ ವಿಷಯದಲ್ಲಿ ಮಾತ್ರ ನಾವು ಎರಡನ್ನೂ ಬಿಟ್ಟು ಬರಿಯ ಬಾಯಿಮಾತಿನಲ್ಲಿ ನಿಂತಿದ್ದೇವೆ. “ನಮ್ಮ ರಸ್ತೆ ಪೂರ್ತಿ ಹಾಳಾಗಿದೆ” ಎಂದು ಒಬ್ಬರು ಹೇಳುತ್ತಾರೆ. “ನಿಮ್ಮದಕ್ಕಿಂತ ನಮ್ಮದು ಇನ್ನೂ ಹಾಳು” ಎಂದು ಪಕ್ಕದ ಗ್ರಾಮದವರು ಹೇಳುತ್ತಾರೆ. ಇರುವ ಹಣ ಸ್ವಲ್ಪ, ಕೇಳುವ ರಸ್ತೆಗಳು ಬಹಳ. ಅಳತೆಯಿಲ್ಲದ ಕಡೆ ಹಣವು ಹೆಚ್ಚು ಹಾಳಾದ ರಸ್ತೆಗೆ ಹೋಗುವುದಿಲ್ಲ, ಹೆಚ್ಚು ಗಟ್ಟಿಯಾದ ದನಿಗೆ ಹೋಗುತ್ತದೆ. ಆದುದರಿಂದ ರಸ್ತೆಯ ಹಾನಿಯನ್ನು ಅಳೆಯುವುದು ಹೇಗೆ, ಅದರಲ್ಲಿ ಮನುಷ್ಯನ ಕೈ ಮಾಡುವುದೆಷ್ಟು, ಯಂತ್ರ ಮಾಡುವುದೆಷ್ಟು, ನಮ್ಮ ಹಳ್ಳಿಗಳಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಂದು ತಮ್ಮೊಡನೆ ಆಲೋಚಿಸಬೇಕೆಂದಿದ್ದೇನೆ.

ರಸ್ತೆ ಕೆಡುವ ಬಗೆ

ಮೊದಲು ರಸ್ತೆ ಹೇಗೆ ಕೆಡುತ್ತದೆಂಬುದನ್ನು ತಿಳಿಯೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಡಾಮರಿನ ಮೈಯಲ್ಲಿ ಮೊದಲು ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಅದರ ಮೂಲಕ ನೀರು ಇಳಿಯುತ್ತದೆ. ಕೆಳಗಿನ ಜಲ್ಲಿಯ ಹಿಡಿತ ಸಡಿಲವಾಗಿ, ಅದರ ಅಡಿಯ ಮಣ್ಣು ಮೆತ್ತಗಾಗುತ್ತದೆ. ಮೇಲೆ ಗಾಲಿ ಹಾಯ್ದಾಗ ಆ ಜಾಗ ತಗ್ಗಿ, ಬಿರುಕುಗಳು ಒಂದಕ್ಕೊಂದು ಸೇರಿ ಮೊಸಳೆಯ ಬೆನ್ನಿನಂತೆ ಕಾಣುತ್ತವೆ. ಆಮೇಲೆ ಒಂದು ಚೂರು ಎದ್ದುಹೋದರೆ ಅದೇ ಹೊಂಡ. ಬಿರುಕಿನ ಹಂತದಲ್ಲಿ ಡಾಮರು ಹುಯ್ದು ಮುಚ್ಚಿದರೆ ಆಗುವ ಖರ್ಚಿಗೂ, ಹೊಂಡವಾದ ಮೇಲೆ ಅಗೆದು ಜಲ್ಲಿ ತುಂಬಿ ಹೊಸದಾಗಿ ಹಾಸುವ ಖರ್ಚಿಗೂ ಬಹಳ ಅಂತರವುಂಟು. ಹಾನಿಯನ್ನು ಮೊದಲೇ ಅಳೆಯಬೇಕೆನ್ನುವುದು ಇದಕ್ಕಾಗಿ.

ಭಾರದ ಲೆಕ್ಕವನ್ನೂ ತಿಳಿದಿರಬೇಕು. ಅಮೆರಿಕಾ ದೇಶದ ಇಲಿನಾಯ್ ಸಂಸ್ಥಾನದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಪರೀಕ್ಷೆಗೆಂದೇ ಬೇರೆ ಬೇರೆ ದಪ್ಪದ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಸೈನ್ಯದ ಚಾಲಕರಿಂದ ಎರಡು ವರ್ಷಕಾಲ ಲಾರಿಗಳನ್ನು ಓಡಿಸಿದರು. ಗಾಲಿಯ ಅಚ್ಚಿನ ಮೇಲಣ ಭಾರ ಇಮ್ಮಡಿಯಾದರೆ ರಸ್ತೆಯ ಹಾನಿ ಇಮ್ಮಡಿಯಾಗುವುದಿಲ್ಲ, ಸುಮಾರು 16 ಪಟ್ಟು ಆಗುತ್ತದೆ ಎಂದು ಅಲ್ಲಿ ಕಂಡುಬಂತು. ಕೆಂಪುಕಲ್ಲಿನ ಲಾರಿಯೊಂದು ಮಿತಿಮೀರಿದ ಹೇರಿನೊಡನೆ ಹಳ್ಳಿಯ ತೆಳ್ಳನೆಯ ರಸ್ತೆಯಲ್ಲಿ ಹೋದರೆ ಏನಾಗುತ್ತದೆಂಬುದನ್ನು ತಾವೇ ಊಹಿಸಬಹುದು.

ಕೈಯಳತೆ

ಇನ್ನು ಅಳತೆಯ ಬಗೆಗಳಿಗೆ ಬರೋಣ. ಎಲ್ಲಕ್ಕಿಂತ ಹಳೆಯದು ನಡೆದು ನೋಡುವುದು. ರಸ್ತೆಯನ್ನು ನೂರು ನೂರು ಮೀಟರಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನಲ್ಲೂ ಬಿರುಕು ಎಷ್ಟು, ಹೊಂಡ ಎಷ್ಟು, ಅಂಚು ಮುರಿದದ್ದು ಎಷ್ಟು, ತಗ್ಗಿದ್ದು ಎಷ್ಟು ಎಂದು ಟೇಪು ಹಿಡಿದು ಬರೆದುಕೊಳ್ಳುವುದು.

ಒಂದು ಉದಾಹರಣೆ ಹೇಳುತ್ತೇನೆ. ರಸ್ತೆಯ ಡಾಮರಿನ ಅಗಲ 3.75 ಮೀಟರ್ ಇದೆಯೆಂದಿಟ್ಟುಕೊಳ್ಳಿ. ನೂರು ಮೀಟರಿಗೆ 375 ಚದರ ಮೀಟರ್ ಆಯಿತು. ಅದರಲ್ಲಿ ಮೂರು ಕಡೆ ಬಿರುಕು ಇದೆ. ಒಂದು 3 ಮೀಟರ್ ಉದ್ದ, 1 ಮೀಟರ್ ಅಗಲ. ಎರಡನೆಯದು 5 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಮೂರನೆಯದು ಐದೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಕೂಡಿಸಿದರೆ 18.75 ಚದರ ಮೀಟರ್. ಎಂದರೆ ನೂರಕ್ಕೆ ಐದು ಪಾಲು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2015ರ ನಿಯಮಾವಳಿಯ ಪ್ರಕಾರ ಹೆದ್ದಾರಿಯಲ್ಲಿ ಬಿರುಕು ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ ರಸ್ತೆ ಒಳ್ಳೆಯದು, ಐದರಿಂದ ಹತ್ತಾದರೆ ಸಾಧಾರಣ, ಹತ್ತನ್ನು ಮೀರಿದರೆ ಕೆಟ್ಟದ್ದು. ಹಳ್ಳಿಯ ರಸ್ತೆಗಳಿಗೆ ಈ ಮಿತಿ ಸ್ವಲ್ಪ ಸಡಿಲ. ಹೀಗೆ “ಹಾಳಾಗಿದೆ” ಎಂಬ ಒಂದು ಮಾತು ಒಂದು ಸಂಖ್ಯೆಯಾಯಿತು. ಸಂಖ್ಯೆಯನ್ನು ಯಾರೂ ಗದರಿಸಿ ಸುಮ್ಮನಿರಿಸಲಾರರು.

ಗಾಲಿಯ ಜಾಡಿನಲ್ಲಿ ರಸ್ತೆ ಎಷ್ಟು ತಗ್ಗಿದೆಯೆಂದು ತಿಳಿಯಲು 3 ಮೀಟರ್ ಉದ್ದದ ನೇರ ಪಟ್ಟಿ ಸಾಕು. ಗಾರೆ ಕೆಲಸದವರು ಸಾರಣೆಯನ್ನು ಸಮ ಮಾಡಲು ಹಿಡಿಯುವ ಅಲ್ಯೂಮಿನಿಯಂ ಪಟ್ಟಿಯಂತಹುದು. ಅದನ್ನು ರಸ್ತೆಗೆ ಅಡ್ಡಲಾಗಿ ಇಟ್ಟು, ಪಟ್ಟಿಗೂ ರಸ್ತೆಗೂ ನಡುವೆ ಇರುವ ಅತಿ ಹೆಚ್ಚಿನ ಸಂದನ್ನು ಅಳತೆಪಟ್ಟಿಯಿಂದ ಮಿಲಿಮೀಟರುಗಳಲ್ಲಿ ಓದಿದರಾಯಿತು.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯವರು ಇನ್ನೂ ಸುಲಭವಾದ ಒಂದು ಕ್ರಮವನ್ನು ಬಳಸುತ್ತಾರೆ. ಜೀಪಿನಲ್ಲೋ ಕಾರಿನಲ್ಲೋ ಮೈಗೆ ತೊಂದರೆಯಾಗದಂತೆ ಎಷ್ಟು ವೇಗದಲ್ಲಿ ಹೋಗಬಹುದೆಂದು ನೋಡಿ ರಸ್ತೆಗೆ ಅಂಕ ಕೊಡುವುದು. ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚಾದರೆ 5 ಅಂಕ. 30ರಿಂದ 40 ಆದರೆ 4. 20ರಿಂದ 30 ಆದರೆ 3. 10ರಿಂದ 20 ಆದರೆ 2. ಹತ್ತಕ್ಕಿಂತಲೂ ಕಡಿಮೆಯಾದರೆ 1. ಇದು ಒರಟು ಅಳತೆಯೇ ಸರಿ. ಆದರೆ ಗಾಡಿಯೊಂದಿದ್ದರೆ ಒಂದು ಬೆಳಗ್ಗೆ ಗ್ರಾಮದ ರಸ್ತೆಗಳನ್ನೆಲ್ಲ ಮುಗಿಸಬಹುದು.

ಮೇಲ್ಮೈ ಮಾತ್ರವಲ್ಲ, ರಸ್ತೆಯ ಒಳಗಿನ ಬಲವನ್ನೂ ಕೈಯಿಂದ ಅಳೆಯುವ ಉಪಾಯವುಂಟು. ಅದಕ್ಕೆ ಬೆಂಕೆಲ್‌ಮನ್ ತೊಲೆ ಎಂದು ಹೆಸರು. ಅಮೆರಿಕಾದ ಬೆಂಕೆಲ್‌ಮನ್ ಎಂಬ ಇಂಜಿನಿಯರರು 1953ರಲ್ಲಿ ಇದನ್ನು ರೂಪಿಸಿದರು. ಹಿಂದಿನ ಅಚ್ಚಿನ ಮೇಲೆ 8170 ಕಿಲೋಗ್ರಾಂ ಭಾರ ಬರುವಂತೆ ಹೇರಿದ ಲಾರಿಯ ಜೋಡಿ ಗಾಲಿಗಳ ನಡುವೆ ಉದ್ದನೆಯ ತೊಲೆಯ ತುದಿಯನ್ನು ಇಡುತ್ತಾರೆ. ಲಾರಿ ಮೆಲ್ಲನೆ ಮುಂದೆ ಸರಿದಾಗ ಅದುಮಿದ್ದ ರಸ್ತೆ ಮೇಲಕ್ಕೆ ಏಳುತ್ತದೆ. ಎಷ್ಟು ಎದ್ದಿತೆಂಬುದನ್ನು ಇನ್ನೊಂದು ತುದಿಯ ಮುಳ್ಳು ತೋರಿಸುತ್ತದೆ. ಹೆಚ್ಚು ಎದ್ದರೆ ರಸ್ತೆಯ ಅಡಿ ದುರ್ಬಲವೆಂದು ಅರ್ಥ. ಈ ಪರೀಕ್ಷೆಯ ವಿಧಾನವನ್ನು ಭಾರತೀಯ ರಸ್ತೆ ಕಾಂಗ್ರೆಸ್ಸು 1981ರಲ್ಲಿ ಪ್ರಕಟಿಸಿ 1997ರಲ್ಲಿ ತಿದ್ದಿತು. ಮಳೆ ಮುಗಿದೊಡನೆ ಅಡಿಮಣ್ಣು ಅತಿ ಮೆತ್ತಗಿರುವಾಗ ಇದನ್ನು ಮಾಡುವುದು ಉತ್ತಮ.

ಯಂತ್ರದಳತೆ

ಈಗ ಯಂತ್ರಗಳನ್ನು ನೋಡೋಣ. ಗಾಡಿಯ ಹಿಂದೆ ಕಟ್ಟಿ ಎಳೆಯುವ ಒಂದೇ ಗಾಲಿಯ ಉಪಕರಣ ಒಂದಿದೆ. ಬಂಪ್ ಇಂಟಿಗ್ರೇಟರ್ ಎನ್ನುತ್ತಾರೆ. ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಅದನ್ನು ಎಳೆದುಕೊಂಡು ಹೋದಾಗ ಆ ಗಾಲಿ ಎಷ್ಟು ಕುಪ್ಪಳಿಸಿತೆಂಬುದನ್ನೆಲ್ಲ ಅದು ಕೂಡಿಸುತ್ತಾ ಹೋಗಿ, ಒಂದು ಕಿಲೋಮೀಟರಿಗೆ ಇಷ್ಟು ಮಿಲಿಮೀಟರ್ ಎಂದು ಲೆಕ್ಕ ಕೊಡುತ್ತದೆ. ಡಾಮರು ಕಾಂಕ್ರೀಟಿನ ಹೆದ್ದಾರಿಯಲ್ಲಿ ಈ ಲೆಕ್ಕ 2000ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು. 3000ವನ್ನು ಮೀರಿದರೆ ಕೆಟ್ಟದ್ದು. ಬೆಂಕೆಲ್‌ಮನ್ ತೊಲೆಯ ಕೆಲಸವನ್ನೇ ಮಾಡುವ ಯಂತ್ರವೂ ಇದೆ. ಅದು ರಸ್ತೆಯ ಮೇಲಿಟ್ಟ ತಟ್ಟೆಯ ಮೇಲೆ ಭಾರವನ್ನು ಬೀಳಿಸಿ, ರಸ್ತೆ ಎಷ್ಟು ಅದುಮಿತೆಂಬುದನ್ನು ತಾನೇ ದಾಖಲೆ ಮಾಡುತ್ತದೆ. ಇದರ ಮಾರ್ಗಸೂಚಿ ನಮ್ಮ ದೇಶದಲ್ಲಿ 2014ರಲ್ಲಿ ಹೊರಬಂತು.

ಎಲ್ಲಕ್ಕಿಂತ ಹೊಸದು ನೆಟ್‌ವರ್ಕ್ ಸರ್ವೇ ವಾಹನ. ಈ ಗಾಡಿಯ ಹಿಂದೆ ಲೇಸರ್ ಕಿರಣ ಬಿಡುವ ಸಾಧನಗಳು, ಸುತ್ತಲೂ ಕ್ಯಾಮರಾಗಳು, ಒಳಗೆ ಗಣಕಯಂತ್ರ, ಮೇಲೆ ಉಪಗ್ರಹದಿಂದ ಸ್ಥಳವನ್ನು ಗುರುತಿಸುವ ಜಿಪಿಎಸ್. ಉಳಿದ ವಾಹನಗಳ ವೇಗದಲ್ಲೇ ಓಡುತ್ತಾ, ಎಲ್ಲಿಯೂ ನಿಲ್ಲದೆ, ಬಿರುಕು, ಹೊಂಡ, ತೇಪೆ, ತಗ್ಗು ಎಲ್ಲವನ್ನೂ ಅದು ಸ್ಥಳಸಹಿತ ಬರೆದುಕೊಳ್ಳುತ್ತದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 23 ರಾಜ್ಯಗಳಲ್ಲಿ 20,933 ಕಿಲೋಮೀಟರ್ ಹೆದ್ದಾರಿಯನ್ನು ಇಂತಹ ವಾಹನಗಳಿಂದ ಅಳೆಯಿಸುವುದಾಗಿಯೂ, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿಸುವುದಾಗಿಯೂ 2025ರಲ್ಲಿ ಪ್ರಕಟಿಸಿತು.

ತಮ್ಮ ಜೇಬಿನಲ್ಲಿರುವ ಫೋನೂ ಒಂದು ಅಳತೆಯ ಯಂತ್ರವೇ. ಅದರಲ್ಲಿ ಅಲುಗಾಟವನ್ನು ಗುರುತಿಸುವ ಪುಟ್ಟ ಸಾಧನವಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು 2008ರಲ್ಲೇ ಫೋನುಗಳನ್ನು ಗಾಡಿಯಲ್ಲಿಟ್ಟು, ಆ ನಗರದ ರಸ್ತೆಗಳ ಹೊಂಡ, ಬ್ರೇಕು, ಹಾರ್ನಿನ ಸದ್ದು ಇವುಗಳನ್ನು ಗುರುತಿಸುವ ಪ್ರಯೋಗ ಮಾಡಿದ್ದರು. ಅದಕ್ಕೆ ನೆರಿಸೆಲ್ ಎಂದು ಹೆಸರಿಟ್ಟಿದ್ದರು. ನಮ್ಮ ನಾಡಿನಲ್ಲೇ ನಡೆದ ಕೆಲಸ ಇದು.

ಯಾವುದು ಮೇಲು?

ಹಾಗಾದರೆ ಯಾವುದು ಮೇಲು ಎಂದು ತಾವು ಕೇಳಬಹುದು. ನ್ಯಾಯವಾಗಿ ತೂಗಿ ನೋಡೋಣ.

ಯಂತ್ರದ ಗುಣಗಳು ಮೂರು. ಮೊದಲನೆಯದು ವೇಗ. ಮನುಷ್ಯ ಟೇಪು ಹಿಡಿದು ನಡೆದರೆ ದಿನಕ್ಕೆ ಕೆಲವೇ ಕಿಲೋಮೀಟರ್. ಯಂತ್ರ ಅದೇ ದಿನದಲ್ಲಿ ನೂರಾರು ಕಿಲೋಮೀಟರ್ ಮುಗಿಸುತ್ತದೆ. ಎರಡನೆಯದು ಸಮತ್ವ. ಇಬ್ಬರು ಮನುಷ್ಯರು ಒಂದೇ ರಸ್ತೆಯನ್ನು ನೋಡಿ ಎರಡು ಬಗೆ ಬರೆಯುತ್ತಾರೆ. ಬೆಳಗ್ಗೆ ಕಂಡ ಬಿರುಕು ಮಧ್ಯಾಹ್ನದ ಬಿಸಿಲಿನಲ್ಲಿ ದಣಿದ ಕಣ್ಣಿಗೆ ಕಾಣದು. ದಾಕ್ಷಿಣ್ಯದ ಮಾತೂ ಇದೆ. ತನ್ನ ಮನೆಯ ಮುಂದಿನ ಹೊಂಡ ಯಾರಿಗೂ ಸಣ್ಣದಲ್ಲ. ಯಂತ್ರಕ್ಕೆ ನೆಂಟರಿಲ್ಲ. ಮೂರನೆಯದು ಪ್ರಾಣರಕ್ಷಣೆ. ಇಲ್ಲಿ ನಮ್ಮ ಎದುರಿಗೇ ಹೋಗುವ ಮಾಣಿ–ಮೈಸೂರು ಹೆದ್ದಾರಿಯನ್ನು ನೋಡಿ. ಅದು ಈಗ ರಾಷ್ಟ್ರೀಯ ಹೆದ್ದಾರಿ 275. ಅದರ ತಿರುವುಗಳಲ್ಲಿ ಟೇಪು ಹಿಡಿದು ಕುಳಿತುಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಅಲ್ಲಿ ಯಂತ್ರವೇ ಸರಿ.

ಆದರೆ ಯಂತ್ರದ ಕೊರತೆಗಳೂ ಇವೆ. ಹೊಂಡದಲ್ಲಿ ನೀರು ನಿಂತಿದ್ದರೆ ಅದರ ಆಳ ಲೇಸರಿಗೂ ಕ್ಯಾಮರಾಕ್ಕೂ ಸರಿಯಾಗಿ ಸಿಗುವುದಿಲ್ಲ. ರಬ್ಬರ್ ತೋಟದ ನಡುವಿನ ರಸ್ತೆಯಲ್ಲಿ ಮರಗಳ ನೆರಳು ಗೆರೆಗೆರೆಯಾಗಿ ಬಿದ್ದಿದ್ದರೆ, ಬರಿಯ ಚಿತ್ರವನ್ನು ನೋಡಿ ತೀರ್ಮಾನಿಸುವ ಯಂತ್ರ ನೆರಳನ್ನು ಬಿರುಕೆಂದು ಭ್ರಮಿಸುವುದುಂಟು. ತರಗೆಲೆ, ಕೆಸರು ಮುಚ್ಚಿದರೆ ಇದ್ದ ಬಿರುಕೂ ಕಾಣದು. ಫೋನಿಗಾದರೋ ವೇಗತಡೆಯ ಉಬ್ಬೂ ಹೊಂಡವೂ ಒಂದೇ ತರಹದ ಕುಲುಕು. ಬೇರ್ಪಡಿಸಲು ಬಹಳ ಲೆಕ್ಕಾಚಾರ ಬೇಕು.

ಇವಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಯಂತ್ರ ಹೊಂಡವನ್ನು ಕಾಣುತ್ತದೆ, ಹೊಂಡದ ಕಾರಣವನ್ನು ಕಾಣದು. ಗುಡ್ಡದ ಬದಿಯ ಚರಂಡಿ ಮಣ್ಣು ತುಂಬಿ ಕಟ್ಟಿಕೊಂಡಿದೆ, ನೀರು ರಸ್ತೆಯ ಮೇಲೆಯೇ ಹರಿಯುತ್ತಿದೆ, ಮೋರಿಯ ಬಾಯಿಗೆ ತೆಂಗಿನ ಮಡಲು ಸಿಕ್ಕಿಕೊಂಡಿದೆ, ಯಾರೋ ಅಂಗಳಕ್ಕೆ ದಾರಿ ಮಾಡಲು ಚರಂಡಿಯನ್ನೇ ಮುಚ್ಚಿದ್ದಾರೆ, ನಳ್ಳಿಯ ಕೊಳವೆ ಹಾಕಲು ರಸ್ತೆಯನ್ನು ಅಗೆದು ಮಣ್ಣನ್ನು ಸರಿಯಾಗಿ ಅದುಮದೆ ಬಿಟ್ಟಿದ್ದಾರೆ. ಇದೆಲ್ಲ ತಿಳಿದಿರುವುದು ದಿನವೂ ಆ ದಾರಿಯಲ್ಲಿ ಹಾಲಿನ ಕ್ಯಾನು ಹೊತ್ತು ಸೊಸೈಟಿಗೆ ಹೋಗುವವರಿಗೆ. ಕಾರಣ ತಿಳಿಯದೆ ಹೊಂಡ ಮುಚ್ಚಿದರೆ ಮುಂದಿನ ಆಟಿಯಲ್ಲಿ ಅದೇ ಜಾಗದಲ್ಲಿ ಅದೇ ಹೊಂಡ.

ಇನ್ನೊಂದು ಸಂಗತಿಯನ್ನು ತಾವು ವಿಶೇಷವಾಗಿ ಗಮನಿಸಬೇಕು. ಯಂತ್ರ ತಾನು ಹೋದ ರಸ್ತೆಯನ್ನು ಮಾತ್ರ ಅಳೆಯುತ್ತದೆ. ಅಮೆರಿಕಾದ ಬಾಸ್ಟನ್ ನಗರದವರು 2012ರ ಸುಮಾರಿಗೆ ಜನರ ಫೋನುಗಳಿಂದಲೇ ಹೊಂಡಗಳನ್ನು ಪತ್ತೆಮಾಡುವ ವ್ಯವಸ್ಥೆ ಮಾಡಿದರು. ಫೋನೂ ಕಾರೂ ಹೆಚ್ಚಾಗಿದ್ದ ಸಿರಿವಂತರ ಬೀದಿಗಳಿಂದ ವರದಿಗಳು ಹೆಚ್ಚು ಬರುವ, ಬಡವರ ಮತ್ತು ಮುದುಕರ ಬೀದಿಗಳು ಲೆಕ್ಕದಿಂದ ಬಿಟ್ಟುಹೋಗುವ ಅಪಾಯವಿದೆಯೆಂದು ಅಲ್ಲಿ ತಿಳಿದುಬಂತು. ಅಲ್ಲಿಯೇ ಹೀಗಾದರೆ ನಮ್ಮ ಗತಿಯೇನು? ಹೆದ್ದಾರಿಯಲ್ಲಿ ಲೇಸರಿನ ಗಾಡಿ ಓಡುತ್ತದೆ. ಕುಂಬ್ರದಿಂದ ಒಳಗೆ ತಿರುಗಿ, ತೋಡು ದಾಟಿ, ಗುಡ್ಡ ಹತ್ತಿ, ನಾಲ್ಕು ಮನೆಗಳಿಗೆ ಹೋಗುವ ರಸ್ತೆಗೆ ಆ ಗಾಡಿ ಬರುವುದಿಲ್ಲ. ಹೆದ್ದಾರಿಗೆ ಕಡತದಲ್ಲಿ ಸಾವಿರ ಸಂಖ್ಯೆಗಳಿದ್ದು ನಮ್ಮ ರಸ್ತೆಗೆ ಒಂದೂ ಇಲ್ಲದಿದ್ದರೆ, ಹಣ ಹಂಚುವಾಗ ನಮ್ಮ ರಸ್ತೆ ಇಲ್ಲವೆಂದೇ ಆಗುತ್ತದೆ. ಹೆರಿಗೆಗೆ ಹೊರಟ ಹೆಣ್ಣುಮಗಳಿಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೆದ್ದಾರಿಯ ಹತ್ತು ಕಿಲೋಮೀಟರಿಗಿಂತ ಕಷ್ಟವಾದದ್ದು ಮನೆಯಿಂದ ಹೆದ್ದಾರಿಯವರೆಗಿನ ಒಂದು ಕಿಲೋಮೀಟರ್.

ಯಂತ್ರಕ್ಕೆ ಗುರು ಮನುಷ್ಯನೇ

ಕೈಯಳತೆ ಹಳೆಯ ಕಾಲದ್ದು, ಅದಕ್ಕೆ ಈಗ ಬೆಲೆಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಟ್ಟಾವಾದ ಪ್ರಯೋಗವನ್ನು ಆಗಲೇ ಹೇಳಿದೆನಲ್ಲ. ಅಲ್ಲಿ ಉಪಯೋಗಿಸಿದ ಲೆಕ್ಕಕ್ಕೆ ಅಡಿಪಾಯವಾಗಿ ಮೊದಲು ಜನರ ಒಂದು ತಂಡವನ್ನು ರಸ್ತೆಗಳ ಮೇಲೆ ಕರೆದೊಯ್ದು, ಸೊನ್ನೆಯಿಂದ ಐದರವರೆಗೆ ಅಂಕ ಕೊಡಿಸಿದರು. ಆಮೇಲೆ ಉಪಕರಣಗಳ ಅಳತೆಯನ್ನು ಆ ಅಂಕಗಳಿಗೆ ಹೊಂದಿಸಿದರು. ಯಂತ್ರ ಮನುಷ್ಯನ ಅನುಭವವನ್ನು ಅನುಸರಿಸಿತೇ ಹೊರತು ಮನುಷ್ಯ ಯಂತ್ರವನ್ನಲ್ಲ.

ಚಿತ್ರ ನೋಡಿ ಬಿರುಕು ಗುರುತಿಸುವ ಗಣಕಯಂತ್ರದ ಕಥೆಯೂ ಹೀಗೆಯೇ. ಭಾರತ, ಜಪಾನ್ ಮತ್ತು ಚೆಕ್ ದೇಶಗಳ ರಸ್ತೆಗಳ 26,336 ಚಿತ್ರಗಳ ಒಂದು ಸಂಗ್ರಹ 2020ರಲ್ಲಿ ಹೊರಬಂತು. ಉದ್ದ ಬಿರುಕು, ಅಡ್ಡ ಬಿರುಕು, ಮೊಸಳೆ ಬೆನ್ನಿನ ಬಿರುಕು, ಹೊಂಡ ಇವನ್ನು ಆ ಚಿತ್ರಗಳಲ್ಲಿ ಮನುಷ್ಯರೇ ಗುರುತು ಹಾಕಿ ಯಂತ್ರಕ್ಕೆ ಕಲಿಸಿದ್ದಾರೆ.

ಬ್ರಿಟನ್ನಿನ ಸಾರಿಗೆ ಸಂಶೋಧನಾಲಯದವರು ಬಡ ದೇಶಗಳಿಗೆಂದು ಮೆರ್ಲಿನ್ ಎಂಬ ಕೈ ಉಪಕರಣವೊಂದನ್ನು ಮಾಡಿದ್ದಾರೆ. ನೋಡಲು ಒಂಟಿಗಾಲಿಯ ಕೈಗಾಡಿಯಂತೆ. ಮುಂದೆ ಸೈಕಲ್ಲಿನ ಚಕ್ರ, ಹಿಂದೆ ಒಂದು ಕಾಲು, ನಡುವೆ ರಸ್ತೆಯನ್ನು ಮುಟ್ಟುವ ಒಂದು ಮೊಳೆ. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ನಿಲ್ಲಿಸಿ, ಮುಳ್ಳು ತೋರಿಸಿದಲ್ಲಿ ಕಾಗದದ ಮೇಲೆ ಗುರುತು ಹಾಕಬೇಕು. 200 ಗುರುತುಗಳಾದ ಮೇಲೆ ಎರಡೂ ತುದಿಯ ಹತ್ತು ಹತ್ತು ಗುರುತುಗಳನ್ನು ಬಿಟ್ಟು, ಉಳಿದವು ಎಷ್ಟು ಅಗಲಕ್ಕೆ ಹರಡಿವೆ ಎಂದು ಅಳೆದರೆ ರಸ್ತೆಯ ಒರಟುತನ ಸಿಗುತ್ತದೆ. ಬಂಪ್ ಇಂಟಿಗ್ರೇಟರಿನಂತಹ ಯಂತ್ರ ಸರಿಯಾಗಿ ಹೇಳುತ್ತಿದೆಯೇ ಎಂದು ತಾಳೆ ನೋಡಲು ಈ ಕೈ ಉಪಕರಣವನ್ನೇ ಬಳಸುತ್ತಾರೆ. ತಕ್ಕಡಿಗೂ ಒಂದು ಮುದ್ರೆಯ ಕಲ್ಲು ಬೇಕಲ್ಲವೆ, ಹಾಗೆ.

ನಾವು ಮಾಡಬೇಕಾದದ್ದು

ಆದುದರಿಂದ ನನ್ನ ಸೂಚನೆ ಇಷ್ಟು. ಹೆದ್ದಾರಿಯನ್ನು ಯಂತ್ರಕ್ಕೆ ಬಿಡೋಣ. ಹಳ್ಳಿಯ ರಸ್ತೆಯನ್ನು ನಾವೇ ಅಳೆಯೋಣ. ಅದೂ ವರ್ಷಕ್ಕೆ ಎರಡು ಸಾರಿ: ಪತ್ತನಾಜೆಯ ಮೊದಲು ಒಮ್ಮೆ, ದೀಪಾವಳಿಯ ನಂತರ ಒಮ್ಮೆ. ಮಳೆಯ ಮೊದಲಿನ ಅಳತೆ ಏನನ್ನು ತಕ್ಷಣ ಮುಚ್ಚಬೇಕೆಂದು ಹೇಳುತ್ತದೆ. ಮಳೆಯ ನಂತರದ ಅಳತೆ ಈ ವರ್ಷ ಎಷ್ಟು ಕೆಟ್ಟಿತೆಂದು ಹೇಳುತ್ತದೆ. ಎರಡನ್ನೂ ಕಳೆದು ನೋಡಿದರೆ ರಸ್ತೆ ಯಾವ ವೇಗದಲ್ಲಿ ಹಾಳಾಗುತ್ತಿದೆಯೆಂಬುದು ಗೊತ್ತಾಗುತ್ತದೆ.

ಬೇಕಾದ ಸಾಮಾನು ಸ್ವಲ್ಪವೇ: ಒಂದು ಟೇಪು, ಒಂದು ನೇರ ಪಟ್ಟಿ, ಒಂದು ಅಳತೆಪಟ್ಟಿ, ಸುಣ್ಣ, ಒಂದು ನೋಟುಪುಸ್ತಕ. ಮಾಡುವ ಕ್ರಮವನ್ನು ಹೇಳುತ್ತೇನೆ.

1. ರಸ್ತೆಯ ಆರಂಭದಿಂದ ನೂರು ನೂರು ಮೀಟರಿಗೆ ಸುಣ್ಣದ ಗುರುತು ಹಾಕಿ. ಹತ್ತಿರದ ಕರೆಂಟು ಕಂಬ, ಮೋರಿ ಅಥವಾ ಮನೆಯ ಗೇಟನ್ನು ಪುಸ್ತಕದಲ್ಲಿ ಬರೆಯಿರಿ. ಸುಣ್ಣ ಅಳಿಸಿದರೂ ಮುಂದಿನ ಸಲ ಅದೇ ಜಾಗ ಸಿಗಬೇಕು.

2. ಪ್ರತಿ ತುಂಡಿನಲ್ಲಿ ಬಿರುಕು ಮತ್ತು ಹೊಂಡಗಳ ಉದ್ದ, ಅಗಲ ಅಳೆಯಿರಿ. ಹೊಂಡದಲ್ಲಿ ನೀರಿದ್ದರೆ ಕೋಲು ಇಳಿಸಿ ಆಳ ನೋಡಿ. ಗಾಲಿಯ ಜಾಡಿನ ತಗ್ಗನ್ನು ಎರಡು ಕಡೆ ನೇರ ಪಟ್ಟಿಯಿಟ್ಟು ಓದಿ.

3. ಇಬ್ಬರು ಬೇರೆ ಬೇರೆಯಾಗಿ ಅಳೆಯಲಿ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು. ಅಳತೆಗಳು ಬಹಳ ಬೇರೆಯಾದರೆ ಕೂಡಿ ಮತ್ತೆ ಅಳೆಯಲಿ. ಮನೆಯ ಎದುರಿನ ತುಂಡನ್ನು ಆ ಮನೆಯವರು ಅಳೆಯುವುದು ಬೇಡ.

4. ಕೊನೆಯ ಅಂಕಣ ಅತ್ಯಂತ ಮುಖ್ಯ: ಕಾರಣ. ಚರಂಡಿ ಹೇಗಿದೆ, ನೀರು ಎಲ್ಲಿಂದ ಬರುತ್ತದೆ, ಭಾರಿ ಲಾರಿ ಹೋಗುತ್ತದೆಯೆ, ಎಂದು ಅಗೆದದ್ದು. ಇದನ್ನು ಯಾವ ಯಂತ್ರವೂ ತುಂಬಲಾರದು.

5. ಪ್ರತಿ ತುಂಡಿನ ಒಂದು ಫೋಟೋ, ಸಾಧ್ಯವಾದರೆ ಅದೇ ಜಾಗದಿಂದ, ಅದೇ ದಿಕ್ಕಿಗೆ. ದಿನಾಂಕ ಬರೆಯಲು ಮರೆಯಬೇಡಿ.

ಮಕ್ಕಳನ್ನು ಈ ಕೆಲಸಕ್ಕೆ ಕರೆದುಕೊಂಡು ಹೋಗುವುದಾದರೆ ಬರೆಯುವ ಕೆಲಸವನ್ನು ಮಾತ್ರ ಕೊಡಿ, ರಸ್ತೆಯ ಬದಿಯಲ್ಲಿ ನಿಲ್ಲಿಸಿ. ಎರಡೂ ಕಡೆಗೆ ಕೆಂಪು ಬಟ್ಟೆ ಹಿಡಿದ ಒಬ್ಬೊಬ್ಬರು ಇರಲೇಬೇಕು.

ಈ ಪುಸ್ತಕವನ್ನು ಏನು ಮಾಡುವುದು? ಗ್ರಾಮಸಭೆಯಲ್ಲಿ ಓದಿರಿ, ನಡವಳಿಯಲ್ಲಿ ಬರೆಯಿಸಿರಿ. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಅದರ ಆರಂಭದಲ್ಲಿರುವ ಫಲಕವನ್ನು ಓದಿ ನೋಡಿ. ಕೆಲಸ ಮುಗಿದ ಮೇಲೆ ಐದು ವರ್ಷ ಅದರ ನಿರ್ವಹಣೆ ಗುತ್ತಿಗೆದಾರರದೇ ಹೊಣೆ. ಆ ಅವಧಿಯೊಳಗೆ ಅಳತೆಯೊಡನೆ ತಿಳಿಸಿದರೆ ಪಂಚಾಯತಿಗೆ ಖರ್ಚಿಲ್ಲದೆ ದುರಸ್ತಿಯಾಗಬೇಕು. ಅವಧಿ ಮುಗಿದ ಮೇಲೆ ಎಚ್ಚತ್ತರೆ ಹಣ ಹುಡುಕಬೇಕು. ಆ ಯೋಜನೆಯ ರಸ್ತೆಗಳ ದೂರನ್ನು ಫೋಟೋ ಸಹಿತ ಕಳುಹಿಸಲು 2015ರಲ್ಲಿ ‘ಮೇರಿ ಸಡಕ್’ ಎಂಬ ಫೋನಿನ ವ್ಯವಸ್ಥೆಯೂ ಬಂದಿದೆ. ಕೈಯಿಂದ ಅಳೆದದ್ದನ್ನು ಯಂತ್ರದಿಂದ ಕಳುಹಿಸಲು ಯಾವ ಅಡ್ಡಿಯೂ ಇಲ್ಲ.

ಕೊನೆಯದಾಗಿ ಒಂದು ಮಾತು. ಅಳತೆಯ ಪುಸ್ತಕ ನಮ್ಮನ್ನೂ ಪ್ರಶ್ನಿಸುತ್ತದೆ. ಕಾರಣದ ಅಂಕಣದಲ್ಲಿ “ಚರಂಡಿ ಮುಚ್ಚಿದೆ” ಎಂದು ಐದು ಕಡೆ ಬಂದರೆ ಅದನ್ನು ಬಿಡಿಸಲು ಸರಕಾರದ ಆಜ್ಞೆ ಬೇಕಾಗಿಲ್ಲ. ಮಳೆಗೆ ಮೊದಲು ತೋಟದ ಕಣಿಯನ್ನು ಬಿಡಿಸುವಾಗ ಅದೇ ಹಾರೆಯಿಂದ ರಸ್ತೆಯ ಚರಂಡಿಯನ್ನೂ ಬಿಡಿಸಬಹುದು. ಹಾಗೆ ಮಾಡಿ, ದೀಪಾವಳಿಯ ನಂತರ ಮತ್ತೆ ಅಳೆದು ನೋಡಿ. ಚರಂಡಿ ಬಿಡಿಸಿದ ತುಂಡಿನ ಸಂಖ್ಯೆಯನ್ನೂ ಬಿಡಿಸದ ತುಂಡಿನ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿ ಬರೆದು ಮುಂದಿನ ಗ್ರಾಮಸಭೆಗೆ ತನ್ನಿರಿ.